ಮಗ್ಗುಲು ಬದಲಿಸುವ ಹೊತ್ತು

ಟೈಲರಕ್ಕನ ಅಂಗಡಿಯ ಷಟರ್ ಹಗಲಲ್ಲೇ ಅರ್ಧ ಇಳಿದಿದೆ ಎಂದರೆ ಒಳಗೆ ಸಂಗೀತ ನಡೆದಿದೆ ಎಂದರ್ಥ. ಹಳೆಯದೊಂದು ಬ್ಯಾಂಡಿನ ಹುಚ್ಚು ಹಿಡಿದವರಲ್ಲಿ ಈ ಬೀದಿಯಲ್ಲಿ ಉಳಿದವರು ಮೂವರೇ: ಟೈಲರಕ್ಕ, ಅವಳ ಅಕ್ಕನ ಗಂಡ, ಮತ್ತು ತಲೆಯ ಮೇಲೆ ಒಂದು ಕೂದಲೂ ಇಲ್ಲದ ಕ್ಷೌರಿಕ ಗುಂಗುರು. ಹೆಸರಿಟ್ಟಾಗ ಕೂದಲಿತ್ತು.

ಆ ಬ್ಯಾಂಡಿನವರು ಹಾಡೊಂದನ್ನು ಹಿಡಿದರೆ ಅಜ್ಜಿಯ ಕಥೆಯ ರಾಜಕುಮಾರ ಕಾಡು ಹೊಕ್ಕ ಹಾಗೆ. ಅಡ್ಡದಾರಿ, ಸುತ್ತುದಾರಿ, ಇನ್ನೇನು ಕಳೆದೇಹೋದರು ಅನ್ನುವಾಗ ಮನೆ ಬಾಗಿಲು. ಗಿಟಾರಿನವನು ಪ್ರಾರ್ಥನೆಯ ಹಾಡುಗಳಲ್ಲಿ ಬೆಳೆದವನು. ಇನ್ನೊಬ್ಬ ಮದುವೆ ವಾದ್ಯದವರ ಮನೆಯವನು. ಡ್ರಮ್ಮಿನವನ ತಾಯಿ ಮಾತ್ರ ದರ್ಜಿ. ಕೂಸಾಗಿದ್ದಾಗ ಹೊಲಿಗೆ ಮಷೀನಿನ ಕೆಳಗೆ ಚಿಂದಿಯ ರಾಶಿಯ ಮೇಲೆ ಮಲಗುತ್ತಿದ್ದೆ, ನನ್ನ ತಾಳವೆಲ್ಲ ಅಮ್ಮನ ಕಾಲಿನದು ಎಂದು ಅವನೇ ರೇಡಿಯೋದಲ್ಲಿ ಹೇಳಿದ್ದ. ಅಂದಿನಿಂದ ಟೈಲರಕ್ಕನಿಗೆ ಕೋಡು ಮೂಡಿತ್ತು.

ಮೂವರೂ ಕೂಡಿ ಕೇಳಿದ್ದು ಒಂದೇ ಕಛೇರಿ, ಹಳೆಯ ಗೋದಾಮಿನಲ್ಲಿ. ಬಾವ ಅದನ್ನು ಕ್ಯಾಸೆಟ್ಟಿಗೆ ಹಿಡಿದಿದ್ದ. ದೊಡ್ಡ ಹಾಡಿನ ನಡುವೆ ಒಂದು ಮಗ್ಗುಲು ಮುಗಿಯಿತು. ಕತ್ತಲಲ್ಲಿ ತಡಕಾಡಿ ತಿರುವಿ ಹಾಕುವಷ್ಟರಲ್ಲಿ ಒಂದು ತುಂಡು ಹಾಡು ಕೈಬಿಟ್ಟುಹೋಯಿತು. ಆಮೇಲೆ ಅವರಲ್ಲೇ ಒಂದು ಪದ್ಧತಿ ಬೆಳೆಯಿತು. ಅಂಗಡಿಯಲ್ಲಿ ಅದನ್ನು ಕೇಳುವಾಗೆಲ್ಲ, ಕ್ಯಾಸೆಟ್ ತಿರುವಿ ಹಾಕುವ ತನಕ ತಾಳ ನಿಲ್ಲಕೂಡದು. ಗುಂಗುರು ಕತ್ತರಿ ಕಟಕಟಿಸುತ್ತಾನೆ, ಬಾವ ಬಿಡುವಿರುವ ಕೈಯಿಂದ ಮೇಜು ಕುಟ್ಟುತ್ತಾನೆ, ಟೈಲರಕ್ಕ ದಾರವಿಲ್ಲದ ಮಷೀನು ತುಳಿಯುತ್ತಾಳೆ. ಅಷ್ಟು ಹೊತ್ತು ಅವಳು ಬ್ಯಾಂಡಿನವಳು.

ಹೀಗಿರುವಾಗ ಒಂದು ಮಧ್ಯಾಹ್ನ ಗುಂಗುರು ಫೋನು ಹಿಡಿದು ಷಟರಿನಡಿ ನುಸುಳಿದ.

"ಅಕ್ಕಾ, ಆವತ್ತಿನ ಕಛೇರಿ ಪೂರ್ತಿ ಸಿಕ್ತು! ಬ್ಯಾಂಡಿನ ಮೈಕಿನೋರೇ ಹಿಡಿದಿಟ್ಟಿದ್ರಂತೆ. ನಡುವೆ ತೂತೇ ಇಲ್ಲ."

ಟೈಲರಕ್ಕ ಪಕ್ಕದಲ್ಲಿದ್ದ ಪ್ಯಾಂಟನ್ನು ಹತ್ತಿರ ಎಳೆದುಕೊಂಡಳು. ತೂತಿಲ್ಲದ ಹಾಡಿನಲ್ಲಿ ತನಗೇನು ಕೆಲಸ?

"ಇವತ್ತು ಬೇಡ್ವೋ. ಪ್ಯಾಂಟು ಮಡಿಚಿ ಹೊಲೀಬೇಕು."

"ಕೆಲಸ ಹೋಗುತ್ತೆ ಅಂತ ಭಯಾನಾ?"

"ಹೋಗೋ ಬೋಳಾ!"

"ಹಾಕೋ ನೀನು," ಎಂದ ಒಳಗೆ ಕೂತಿದ್ದ ಬಾವ. "ಆ ತುಂಡು ಕಳೆದ ಪಾಪ ಎಷ್ಟು ವರ್ಷ ನಾನೇ ಹೊತ್ಕೊಂಡಿರ್ಲಿ?"

ಹಾಕಿದರು. ಆ ಜಾಗ ಬಂತು. ರೂಢಿಯಂತೆ ಕತ್ತರಿ ಮೇಲೆದ್ದಿತು, ಅವಳ ಕಾಲು ಪೆಡಲಿಗೆ ಹೋಯಿತು. ಫೋನಿನೊಳಗೆ ತಾಳ ನಿಧಾನವಾಯಿತು. ನಿಂತೇಹೋಯಿತು. ಜನರ ನಡುವೆ ಯಾರೋ ಕೆಮ್ಮಿದರು.

"ಫೋನ್ ಕೆಟ್ಟೋಯ್ತೇನೋ?"

"ಇಲ್ಲ ಬಾವ, ಓಡ್ತಾನೇ ಇದೆ."

ಬಹಳ ಹೊತ್ತಿನ ಮೇಲೆ ಟಕ್... ಟಕ್ಕಟಕ್... ಎಂದು ಮತ್ತೆ ಶುರುವಾಯಿತು. ಮೂವರೂ ಮುಖಮುಖ ನೋಡಿಕೊಂಡರು. ಮೂವರೂ ಆವತ್ತು ಅಲ್ಲಿದ್ದವರೇ. ನಿಂತದ್ದು ಒಬ್ಬರಿಗೂ ನೆನಪಿರಲಿಲ್ಲ.

"ಅವನು ಸುಮ್ಮನಿದ್ದ ಜಾಗದಲ್ಲೇ ನಾವು ಕುಟ್ಟಿದ್ದೂ ಕುಟ್ಟಿದ್ದೇ!" ಎಂದು ಗುಂಗುರು ಹೊಟ್ಟೆ ಹಿಡಿದುಕೊಂಡು ನಕ್ಕ.

ಟೈಲರಕ್ಕ ನಗಲಿಲ್ಲ. "ಇನ್ನೊಂದ್ಸಲ ಹಾಕು." ಕಣ್ಣು ಮುಚ್ಚಿ ಕೇಳಿದಳು. "ದಾರ ಕಿತ್ತೋಗಿದೆ," ಎಂದಳು.

"ಯಾರದ್ದು?"

"ಡ್ರಮ್ಮಿನವನ ಅಮ್ಮಂದು. ದಾರ ಕಿತ್ರೆ ಚಕ್ರ ಹಿಡಿದು ನಿಲ್ಲಿಸ್ತೀವಿ. ಪೋಣಿಸಿದ ಮೇಲೆ ಮೊದಲು ಕೈಯಲ್ಲೇ ಒಂದು ಸುತ್ತು ತಿರುಗಿಸೋದು. ಕಾಲು ಆಮೇಲೆ. ಕೇಳಿ ಬೇಕಾದ್ರೆ."

"ನಿನಗೆ ಲೋಕವೆಲ್ಲ ಮಷೀನಾಗೇ ಕಾಣುತ್ತಮ್ಮ!" ಎಂದ ಬಾವ.

"ಇರಬಹುದು," ಎಂದು ಪ್ಯಾಂಟು ಕೈಗೆತ್ತಿಕೊಂಡಳು.

ಮುಂದಿನ ಸಲ ಬಾವ ಹಳೆಯ ಕ್ಯಾಸೆಟ್ಟನ್ನೇ ತಂದ. ಮೊದಲ ಮಗ್ಗುಲು ಮುಗಿಯಿತು. ಗುಂಗುರು ಕತ್ತರಿ ಎತ್ತಿದ. ಟೈಲರಕ್ಕ ಅಂಗೈಯಿಂದ ಚಕ್ರ ಹಿಡಿದಳು. ಕತ್ತರಿ ಬಾಯಿ ತೆರೆದುಕೊಂಡೇ ನಿಂತಿತು. ಅವಳು ದಾರದ ತುದಿಯನ್ನು ಎಂಜಲು ಮಾಡಿ ಸೂಜಿಯ ಕಣ್ಣಿಗೆ ಹಿಡಿದಳು. ತಪ್ಪಿತು. ಬಾವ ಕ್ಯಾಸೆಟ್ ತಿರುವಿ ಹಾಕಿ, ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಾದ. ಮತ್ತೆ ಹಿಡಿದಳು, ದಾರ ಒಳಹೋಯಿತು. ಕೈಯಿಂದ ಚಕ್ರವನ್ನು ಒಂದು ಸುತ್ತು ತಿರುಗಿಸಿ, ಬಾವನತ್ತ ತಲೆಯಾಡಿಸಿದಳು.

ಬಾವ ಗುಂಡಿ ಒತ್ತಿದ.