ಏಣಿಯ ಮುಂದಿನ ತುದಿ

ಗಂಡನ ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಯ ಬಾಗಿಲು ತೆಗೆದೆ. ಬಣ್ಣದ ಡಬ್ಬಿಗಳು, ಅರ್ಧ ಬರೆದ ಬೇಕರಿ ಬೋರ್ಡು, ಗೋಡೆಗೆ ಒರಗಿಸಿದ ಏಣಿ. ಇಷ್ಟು ಮೌನ ಬೇಕೆಂದು ನಾನೇ ಎಷ್ಟು ಸಲ ಕೇಳಿದ್ದೆ.

ನಮ್ಮದು ಬೋರ್ಡು ಬರೆಯುವ ಅಂಗಡಿ. ನನ್ನ ಗಂಡ ಬಾಗಿಲಲ್ಲಿ ಕೂತು ಗಿರಾಕಿಗಳ ಜೊತೆ ಮಾತಾಡುತ್ತಿದ್ದರು, ನಾನು ಒಳಗೆ ಅಕ್ಷರ ಬರೆಯುತ್ತಿದ್ದೆ. ಮಾತಿಲ್ಲದಿದ್ದರೆ ಅವರಿಗೆ ಉಸಿರು ಕಟ್ಟುತ್ತಿತ್ತು, ಮಾತಿದ್ದರೆ ನನಗೆ. ಜನರ ನಡುವೆ ಸಾಕಾದಾಗ ನಾನು ಎಡಗಿವಿಯ ಓಲೆ ಮುಟ್ಟುತ್ತಿದ್ದೆ. ಅವರು ತಕ್ಷಣ ಆಕಳಿಸಿ, "ನಂಗೆ ನಿದ್ದೆ ಬರ್ತಿದೆ, ಹೊರಡ್ತೀವಿ" ಎನ್ನುತ್ತಿದ್ದರು. ಒಮ್ಮೆ ಬೆಳಿಗ್ಗೆ ಹನ್ನೊಂದಕ್ಕೂ ಆಕಳಿಸಿದ್ದರು. ನಿದ್ದೆಬುರುಕ ಎಂಬ ಹೆಸರು ಹೊತ್ತರೇ ಹೊರತು ನನ್ನನ್ನು ಬಿಟ್ಟುಕೊಡಲಿಲ್ಲ.

ಅತ್ತೆ ನನ್ನ ಹಿಂದೆಯೇ ಅಂಗಡಿಗೆ ಬಂದರು.

"ಬಾಯಿದ್ದವನು ಬರದಲ್ಲೂ ಬದುಕ್ತಾನೆ ಅಂತಾರೆ. ನಿನಗೆ ಬಾಯೆಲ್ಲಿದೆ? ಗಿರಾಕಿ ಬಂದ್ರೆ ಒಳಗೆ ಓಡ್ತೀಯ. ಅಂಗಡಿ ಬಿಟ್ಟುಬಿಡೋಣ, ಮಗಳೇ."

ಅದು ಕೊಂಕಲ್ಲ, ಭಯ. ಏಣಿ ಕಣ್ಣಿಗೆ ಬಿತ್ತು. ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ನಿಂದ ನನ್ನ ಗಂಡ ತಂದದ್ದು, ಶನಿವಾರ ವಾಪಸ್ ಕೊಡ್ತೀನಿ ಅಂದಿದ್ದರು. ಇವತ್ತು ಶನಿವಾರ.

ಏಣಿ ಹೊರುವಾಗ ಮುಂದಿನ ತುದಿ ಯಾವಾಗಲೂ ಅವರದು, ಹಿಂದಿನದು ನನ್ನದು. ದಾರಿಯಲ್ಲಿ ಸಿಕ್ಕವರಿಗೆಲ್ಲ ಅವರೇ ಉತ್ತರ ಕೊಡುತ್ತಿದ್ದರು.

"ಅತ್ತೆ, ಹಿಂದಿನ ತುದಿ ನೀವು ಹಿಡೀರಿ," ಎಂದೆ.

ಏಣಿ ಹೊತ್ತು ಹೊರಟೆವು. ನೋಡಲು ಬೀದಿಗೆ ಬೀದಿಯೇ ಹೊಸ್ತಿಲಿಗೆ ಬಂತು. ಕೈ ಓಲೆಯತ್ತ ಹೋಗಬೇಕೆಂದಿತು. ಎರಡು ಕೈಯಲ್ಲೂ ಏಣಿಯಿತ್ತು.

"ಹೇಗಿದ್ದೀಯಮ್ಮಾ?" ದರ್ಜಿ ಕೇಳಿದ.

"ಅಂಗಡಿ ತೆಗೆದಿದೀನಿ, ಅಣ್ಣ."

ಹಿಂದೆ ಅತ್ತೆಯ ಹೆಜ್ಜೆ ಒಂದು ಕ್ಷಣ ನಿಂತಿತು.

ಎಲೆಕ್ಟ್ರಿಷಿಯನ್ ಓಡಿಬಂದ. "ಹೇಳಿಕಳಿಸಿದ್ರೆ ನಾನೇ ಬರ್ತಿದ್ನಲ್ಲಮ್ಮಾ!" ಆಮೇಲೆ ತಲೆ ಕೆರೆದುಕೊಂಡ. "ಏಣಿ ಒಯ್ಯೋ ದಿನ ನಾನು ತಮಾಷೆ ಮಾಡಿದ್ದೆ, ನಿನ್ನ ಹೆಂಡ್ತಿಗೆ ಮಾತು ಬರುತ್ತೇನಯ್ಯಾ ಅಂತ. ಅವನು ನನ್ನ ಬೋರ್ಡಿಗೇ ಬೆರಳು ತೋರಿಸಿದ. 'ಆರು ವರ್ಷದಿಂದ ಬೀದಿ ತುಂಬ ಮಾತಾಡ್ತಿದಾಳೆ, ನಿನಗೆ ಓದೋಕೆ ಬರಲ್ವಾ?' ಅಂದ."

ತಲೆಯೆತ್ತಿ ನೋಡಿದೆ. ಇವನ ಬೋರ್ಡು, ದರ್ಜಿಯದು, ಔಷಧಿ ಅಂಗಡಿಯದು. ಎಲ್ಲ ನನ್ನ ಕೈಬರಹ. ಒಂದೂ ಮಾಸಿರಲಿಲ್ಲ. ಎಷ್ಟೋ ದಿನಗಳ ಮೇಲೆ ಬೆನ್ನು ನೆಟ್ಟಗಾಯಿತು.

ಏಣಿಯನ್ನು ಅವನ ಗೋಡೆಗೆ ಒರಗಿಸಿ ಕೈ ಒರೆಸಿಕೊಂಡೆ.

"ಸೋಮವಾರ ಮತ್ತೆ ಬೇಕು. ಬೇಕರಿ ಬೋರ್ಡು ಹಾಕೋದಿದೆ."

"ಹತ್ತೋರು ಯಾರಮ್ಮಾ?"

"ನಾನೇ."

"ಕೆಳಗೆ ಹಿಡಿಯೋಳು ನಾನು," ಎಂದರು ಅತ್ತೆ, ಏದುಸಿರು ಬಿಡುತ್ತ. "ಏಣಿ ಚೆನ್ನಾಗಿ ಒರೆಸಿಡಪ್ಪಾ."