ತೋಳೆತ್ತಲು ಒಲ್ಲದ ಕ್ರೇನು

ಹುಡುಗಿ ಕೆಟ್ಟವಳಾಗಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸುತ್ತಿತ್ತು ಚಿಕ್ಕಮ್ಮನಿಗೆ. ಜಗಳವಾಡಬಹುದಿತ್ತು, ರಾಜಿಯಾಗಬಹುದಿತ್ತು. ಅಪ್ಪನ ಮೇಲೆ ದಿನಕ್ಕೆ ಹತ್ತು ಸಲ ಹರಿಹಾಯುವ ಈ ಪಟಾಕಿ, ಅಪ್ಪ ಮದುವೆಯಾಗಿ ಕರೆತಂದವಳ ಮುಂದೆ ಮಾತ್ರ ಬೆಣ್ಣೆ. "ಪರವಾಗಿಲ್ಲ", "ನಿಮಗ್ಯಾಕೆ ತೊಂದರೆ", ಇಷ್ಟೇ ಮಾತು. ವರ್ಷ ಕಳೆದರೂ ತಾನು ಈ ಮನೆಗೆ ಬಂದ ನೆಂಟಳೇ ಎಂದು ಅವಳಿಗೆ ಒಳಗೊಳಗೇ ಸಂಕಟ.

ಅಂಥ ಹುಡುಗಿ ಮೊನ್ನೆ ತಾನಾಗಿಯೇ ಒಂದು ಕೆಲಸ ಒಪ್ಪಿಸಿದ್ದಳು. ಆಟಿಕೆಯ ಪ್ಲಾಸ್ಟಿಕ್ ಇಟ್ಟಿಗೆಗಳಲ್ಲಿ ಅವಳೊಂದು ಕ್ರೇನು ಕಟ್ಟಿದ್ದಳು. ಪುಟ್ಟ ಮೋಟಾರು ಪಂಪನ್ನು ಓಡಿಸುತ್ತದೆ, ಪಂಪಿನ ಗಾಳಿ ತೆಳು ಕೊಳವೆಗಳಲ್ಲಿ ಹೋಗಿ ಸಿಲಿಂಡರನ್ನು ನೂಕುತ್ತದೆ, ಕ್ರೇನು ತೋಳೆತ್ತುತ್ತದೆ. "ಕೊಳವೆ ಎಲ್ಲಾ ಜೋತಾಡ್ತಿವೆ. ಸ್ವಲ್ಪ ನೀಟಾಗಿ ಮಾಡಿಕೊಡ್ತೀರಾ?" ಎಂದಿದ್ದಳು.

ಬ್ಯೂಟಿ ಪಾರ್ಲರಿನಲ್ಲಿ ದಿನವಿಡೀ ತಲೆ ಬಾಚುವವಳ ಕೈಗೆ ಮೂರು ಕೊಳವೆ ಸಿಕ್ಕರೆ ಏನಾದೀತು? ಬಿಗಿಯಾಗಿ ಜಡೆ ಹೆಣೆದು, ತುದಿಗೆ ರಬ್ಬರ್ ಬ್ಯಾಂಡ್ ಹಾಕಿಯೇಬಿಟ್ಟಳು. ಮದುವಣಗಿತ್ತಿಗೂ ಅಷ್ಟು ಚೆಂದದ ಜಡೆ ಹಾಕಿರಲಿಲ್ಲ.

ಭಾನುವಾರ ಬೆಳಿಗ್ಗೆ ಮೋಟಾರು ಗುರ್ರೆಂದಿತು. ತೋಳು ಬೆರಳಗಲ ಎದ್ದು, ಆಕಳಿಸಿ, ಮಲಗಿತು.

"ಬ್ಯಾಟರಿ ಬದಲಾಯ್ಸು" ಎಂದ ಅಪ್ಪ, ಪೇಪರಿನ ಹಿಂದಿನಿಂದ.

"ನಿಂಗೇನು ಗೊತ್ತು? ಸುಮ್ನೆ ಪೇಪರ್ ಓದು!" ಎಂದಳು ಹುಡುಗಿ. ಆದರೂ ಬದಲಾಯಿಸಿದಳು. ಊಹೂಂ. ಗಾಳಿ ಸೋರುತ್ತಿದೆಯೇ ಎಂದು ಕೀಲುಗಳಿಗೆ ಸೋಪಿನ ನೀರು ಹಚ್ಚಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಪಂಪು ಬಿಚ್ಚಿದಳು, ಹಲ್ಲುಗಾಲಿ ಬಿಚ್ಚಿದಳು. ಜಡೆಯ ಹತ್ತಿರ ಹೋದ ಕೈ ಮಾತ್ರ ಪ್ರತಿಸಲವೂ ಹಾಗೇ ವಾಪಸು ಬರುತ್ತಿತ್ತು.

ಚಿಕ್ಕಮ್ಮ ಅದನ್ನು ಕಂಡಳು. ಬಿಗಿ ಜಡೆ ಹಾಕಿಸಿಕೊಂಡವರ ಹುಬ್ಬು ಮೇಲೇರುವುದನ್ನು ನಿತ್ಯ ನೋಡುವವಳಿಗೆ ಯಾರ ಉಸಿರು ಕಟ್ಟಿದೆ ಎಂದು ತಿಳಿಯದೇ?

"ನನ್ನ ಜಡೆಯಿಂದಾನೇ ಅಲ್ವಾ?"

ಹುಡುಗಿ ನೆಲ ನೋಡಿದಳು. "ಪರವಾಗಿಲ್ಲ... ಚೆನ್ನಾಗಿದೆ."

"ಚೆನ್ನಾಗಿದೆಯಂತೆ! ಯಾವಾಗ ಗೊತ್ತಾಯ್ತು?"

"ಆಗಲೇ. ನಿಮಗೆ ಬೇಜಾರಾಗುತ್ತೆ ಅಂತ..."

ಚಿಕ್ಕಮ್ಮನಿಗೆ ಅಳು ನಗು ಎರಡೂ ಒಟ್ಟಿಗೇ ಬಂದವು. ಗೆದ್ದದ್ದು ನಗು. "ಅಯ್ಯೋ ಮಹಾರಾಯ್ತಿ, ಅಷ್ಟೆಲ್ಲಾ ಬಿಚ್ಚೋ ಬದಲು ಒಂದು ಮಾತು ಬೈಬಾರದಿತ್ತಾ?" ಎನ್ನುತ್ತ ರಬ್ಬರ್ ಬ್ಯಾಂಡ್ ಎಳೆದು, ಸರಸರನೆ ಜಡೆ ಬಿಚ್ಚಿ, ಚಪ್ಪಟೆಯಾಗಿದ್ದ ಕೊಳವೆಗಳನ್ನು ಬೆರಳಿನಲ್ಲಿ ತಿಕ್ಕಿ ಸರಿಮಾಡಿದಳು. ಪಂಪಿನ ಕಡೆಯ ಕೊಳವೆ ಸಡಿಲವಾಗಿತ್ತು. ಅದನ್ನು ಹಿಡಿದುಕೊಳ್ಳಿ ಎಂದಳು ಹುಡುಗಿ.

ಮೋಟಾರು ಗುರ್ರೆಂದಿತು. ತೋಳು ಎದ್ದಿತು, ಇನ್ನೂ ಎದ್ದಿತು. ಚಿಕ್ಕಮ್ಮ ಕಣ್ಣರಳಿಸಿ ನೋಡುತ್ತ ನಿಂತಳು. ಟಪ್ಪೆಂದು ಕೊಳವೆ ಕಳಚಿತು, ತೋಳು ದಬಕ್ಕನೆ ಬಿತ್ತು.

"ಚಿಕ್ಕಮ್ಮಾ! ಹಿಡ್ಕೋ ಅಂದ್ರೆ ಅಪ್ಪನ ಥರಾ ಬಾಯಿ ಬಿಟ್ಕೊಂಡು ನಿಂತಿದ್ದೀಯಲ್ಲಾ! ಒಂದು ಕೆಲಸ ನೆಟ್ಟಗೆ ಮಾಡಲ್ಲ!"

ಹುಡುಗಿ ತುಟಿ ಕಚ್ಚಿಕೊಂಡಳು. ಅಪ್ಪ ಪೇಪರು ಕೆಳಗಿಳಿಸಿದ. "ಅಬ್ಬಾ, ಇನ್ಮೇಲೆ ನನಗೆ ಅರ್ಧ ಬೈಗುಳ ಕಮ್ಮಿ."

ಚಿಕ್ಕಮ್ಮ ಎರಡೂ ಕೈಯಿಂದ ಕೊಳವೆಯನ್ನು ಗಟ್ಟಿಯಾಗಿ ಹಿಡಿದಳು. ಕ್ರೇನು ಈ ಸಲ ಪೂರ್ತಿ ತೋಳೆತ್ತಿತು. ಆದರೆ ಸಂತೋಷಕ್ಕೆ ಕಣ್ಣು ತುಂಬಿಕೊಂಡಿದ್ದರಿಂದ ಅವಳಿಗೆ ಏನೂ ಕಾಣಲಿಲ್ಲ.

"ನೋಡು ಚಿಕ್ಕಮ್ಮಾ, ನೋಡ್ತಾನೇ ಇಲ್ವಲ್ಲ ನೀನು!" ಎಂದು ಮತ್ತೆ ಬೈಸಿಕೊಂಡಳು.