ರಟ್ಟಿಗೆ ತೂತು ಹೊಡೆಸುವವನು ನಾನು

“ಸಂಕಣ್ಣ, ಇದಕ್ಕಿಂತ ನಮ್ಮನಿ ರುಬ್ಬುಗಲ್ಲು ಚುರುಕ ಐತಿ ನೋಡಪಾ. ಎತ್ತಿ ಗುಜರಿಗೆ ಒಗಿ!”

ಏಳೆಂಟು ನೇಕಾರರು ಕೂತಿದ್ದರು. ಅವರೆಲ್ಲರ ಎದುರಿಗೆ, ಚಹಾ ಹೀರುತ್ತ, ಬಸವಂತಪ್ಪ ಸಾವುಕಾರರು ನನ್ನ ಕಡೆ ಬೆರಳು ಮಾಡಿ ಹಾಗಂದರು. ಎಲ್ಲರೂ ನಕ್ಕರು. ಸಾವುಕಾರರ ಮಗ್ಗದಲ್ಲಿ ನೇಯುವ ಕಾಳವ್ವನಂತೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ಆ ಹೊತ್ತಿಗೆ ಅವರದೇ ಡಿಸೈನ್ ತೆರೆಯುತ್ತಿದ್ದೆ. ತೆರೆಯಲು ನನಗೆ ಏಳು ನಿಮಿಷ ಬೇಕು. ಬೇಕು, ಏನೀಗ? ಹದಿನಾರು ವರ್ಷ ದುಡಿದವನಿಗಾಗಿ ಏಳು ನಿಮಿಷ ಕಾಯಲು ಆಗುವುದಿಲ್ಲವೇ ಇವರಿಗೆ?

ನಾನು ಒಂದು ಕಂಪ್ಯೂಟರ್. ಯಾವ ಕಂಪನಿಯದು ಅಂತ ಕೇಳಬೇಡಿ. ನನ್ನ ಎದೆಯ ಮೇಲೆ ಯಾವ ಹೆಸರೂ ಇಲ್ಲ. ಹುಬ್ಬಳ್ಳಿಯ ಒಂದು ಗಲ್ಲಿಯಲ್ಲಿ, ಹೊಲಿಗೆ ಅಂಗಡಿಯ ಮೇಲಿನ ಅಟ್ಟದಲ್ಲಿ, ಒಬ್ಬ ಮೆಕ್ಯಾನಿಕ್ ಒಂದು ಮಧ್ಯಾಹ್ನ ನನ್ನನ್ನು ಜೋಡಿಸಿದ. ಬೋರ್ಡ್ ಒಂದು ಕಡೆಯದು, ಫ್ಯಾನ್ ಇನ್ನೊಂದು ಕಡೆಯದು, ಪೆಟ್ಟಿಗೆ ಮತ್ತೊಂದು ಕಡೆಯದು. ನಾಲ್ಕು ಸ್ಕ್ರೂ ಹಾಕಬೇಕಾದಲ್ಲಿ ಮೂರೇ ಹಾಕಿದ. ಹಾಗೆ ಹುಟ್ಟಿದವನು ನಾನು.

ಮೊದಲು ನನ್ನನ್ನು ಕೊಂಡದ್ದು ಒಂದು ಕಂಪ್ಯೂಟರ್ ಕ್ಲಾಸಿನವರು. ಹುಡುಗ ಹುಡುಗಿಯರು ಬರುತ್ತಿದ್ದರು, ನನ್ನ ಮೇಲೆ ಟೈಪ್ ಮಾಡಿ ಕಲಿಯುತ್ತಿದ್ದರು, ಸರ್ಟಿಫಿಕೇಟ್ ಹಿಡಿದುಕೊಂಡು ಹೋಗುತ್ತಿದ್ದರು. ಕಲಿಸಿದ ನನಗೆ ಮಾತ್ರ ಯಾರೂ ಒಂದು ಸರ್ಟಿಫಿಕೇಟ್ ಕೊಡಲಿಲ್ಲ. ಎರಡನೇ ವರ್ಷಕ್ಕೆ ಆ ಕ್ಲಾಸು ಮುಚ್ಚಿತು. ನನ್ನ ಓದು ಅಲ್ಲಿಗೇ ಮುಗಿಯಿತು.

ಆಮೇಲೆ ಗುಳೇದಗುಡ್ಡದ ಸಂಕಣ್ಣ ನನ್ನನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದ. ದಾರಿಯುದ್ದಕ್ಕೂ ನನ್ನನ್ನು ಕೆಳಗಿಡಲಿಲ್ಲ. ಅವನ ಕೆಲಸ ಏನು ಗೊತ್ತೇ? ಗುಳೇದಗುಡ್ಡದಲ್ಲಿ ಖಣ ನೇಯುತ್ತಾರೆ, ರವಿಕೆಯ ಬಟ್ಟೆ. ಅದರ ಹೂವು ಬಳ್ಳಿ ತನ್ನಷ್ಟಕ್ಕೆ ತಾನೇ ಮೂಡುವುದಿಲ್ಲ. ಮಗ್ಗದ ಮೇಲೆ ಉದ್ದುದ್ದ ರಟ್ಟುಗಳ ಮಾಲೆ ತೂಗುಹಾಕಿರುತ್ತಾರೆ. ರಟ್ಟಿನಲ್ಲಿ ಎಲ್ಲಿ ತೂತಿದೆಯೋ ಅಲ್ಲಿನ ಎಳೆ ಮೇಲೇಳುತ್ತದೆ. ಆ ತೂತುಗಳನ್ನು ಮೊದಲು ಸಂಕಣ್ಣ ಸುತ್ತಿಗೆಯಿಂದ ಒಂದೊಂದಾಗಿ ಹೊಡೆಯುತ್ತಿದ್ದ. ಒಂದು ಹೂವಿಗೆ ಎಂಟು ದಿನ. ನಾನು ಬಂದ ಮೇಲೆ ನನ್ನ ಬೆನ್ನಿಗೆ ತೂತಿನ ಮಷೀನು ಜೋಡಿಸಿದ. ಎಂಟು ದಿನದ ಕೆಲಸ ಒಂದು ದಿನಕ್ಕೆ ಬಂತು. ಸುತ್ತಿಗೆ ಹಿಡಿದು ಗಂಟುಗಟ್ಟಿದ್ದ ಅವನ ಬೆರಳುಗಳು ಮೆತ್ತಗಾದದ್ದನ್ನು ಕೀಬೋರ್ಡಿನ ಮೇಲೆ ನಾನೇ ಅನುಭವಿಸಿದ್ದೇನೆ. ಊರಿನಲ್ಲಿ ಯಾವ ಹೆಣ್ಣುಮಗಳು ಖಣ ತೊಟ್ಟು ಹೋದರೂ, ಅದರಲ್ಲಿ ಅರ್ಧದಷ್ಟು ನನ್ನ ಕೈಕೆಲಸ ಅಂತ ಎದೆಯುಬ್ಬಿಸಿ ಹೇಳಬಲ್ಲೆ.

ಅಂಥವನಿಗೆ ಮಂದಿಯ ಮುಂದೆ ರುಬ್ಬುಗಲ್ಲಿನ ಹೋಲಿಕೆ!

ಸಾವುಕಾರರು ಹೋದ ಮೇಲೆ ಸಂಕಣ್ಣನ ಮಗಳು ಭುವನಾ ಸುಮ್ಮನಿರಲಿಲ್ಲ. ಈಗ ಡಿಸೈನ್ ಬರೆಯುವವಳು ಅವಳೇ. “ಅಪ್ಪಾ, ನನಗ ನಾಚಿಕಿ ಆತು. ಒಂದು ಎಲಿ ತಿದ್ದಬೇಕಂದ್ರ ಇದು ಅರ್ಧ ತಾಸು ತಗೋತೈತಿ. ಹೊಸಾದು ತರೂಣು.”

“ಇದಕ್ಕ ಏನಾಗೈತವ್ವಾ?”

“ಏನಾಗಿಲ್ಲ ಹೇಳು!”

ಅವಳ ಮಾತು ಸುಳ್ಳಲ್ಲ, ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. ಬಾಗಲಕೋಟೆಯ ಅಂಗಡಿಯವರು ಒಂದು ಹೊಸ ಕಂಪ್ಯೂಟರನ್ನು ಎಂಟು ದಿನ ನೋಡಲು ಕೊಟ್ಟರು. ಸರಿಹೋದರೆ ಇಟ್ಟುಕೊಳ್ಳುವುದು, ನನ್ನನ್ನು ಗುಜರಿಗೆ ಹಾಕುವುದು. ಸಂಕಣ್ಣ ಒಪ್ಪಿಕೊಂಡ. ನನ್ನನ್ನು ಎತ್ತಿ ನೂಲಿನ ಚೀಲಗಳ ಪಕ್ಕ ನೆಲದ ಮೇಲೆ ಇಟ್ಟ. ಕೆಳಗಿನಿಂದ ನೋಡಿದರೆ ಹೊಸಬನ ಪರದೆ ಕನ್ನಡಿಯಂತೆ ಥಳಥಳಿಸುತ್ತಿತ್ತು. ನನ್ನ ಡಿಸ್ಕಿನಲ್ಲಿದ್ದ ಡಿಸೈನುಗಳನ್ನೆಲ್ಲ ಅವನಿಗೆ ಕೊಟ್ಟಿದ್ದರು. ಮೈಯೆಲ್ಲ ಉರಿಯಿತು. ಉರಿದರೂ ಏನು ಮಾಡಲಿ? ಪ್ಲಗ್ಗನ್ನೇ ಕಿತ್ತಿದ್ದರಲ್ಲ!

ಆದರೆ ಹೊಸಬನ ಬೆನ್ನಿನಲ್ಲಿ ತೂತಿನ ಮಷೀನಿನ ವೈರ್ ಕೂರುವ ಜಾಗವೇ ಇರಲಿಲ್ಲ. ಇಪ್ಪತ್ತೈದು ತೂತಿನ ಆ ಅಗಲದ ಬಾಯಿಯನ್ನು ಈಗ ಯಾರೂ ಮಾಡುವುದಿಲ್ಲವಂತೆ. ಅಂಗಡಿಯವನು ನಡುವೆ ಒಂದು ಸಣ್ಣ ವೈರ್ ಸಿಕ್ಕಿಸಿ, “ನಡೀತೈತ್ರಿ” ಅಂದ. ಮಷೀನು ಟಕಟಕ ಶುರುವಾಯಿತು. ಸಾವುಕಾರರ ಸೂಜಿಮಲ್ಲಿಗೆ ಡಿಸೈನ್ ಅರ್ಧ ದಿನದಲ್ಲೇ ರಟ್ಟಿಗೆ ಬಂತು.

ಈಗ ತಪ್ಪು ಎಲ್ಲಾಯಿತು ಕೇಳಿ. ನಾನು ಹೊಡೆಸಿದ ರಟ್ಟುಗಳನ್ನು ಸಂಕಣ್ಣ ಎಂದೂ ಹಾಗೇ ಕೊಟ್ಟವನಲ್ಲ. ಬಾಗಿಲಿಗೆ ಹೋಗಿ, ಒಂದೊಂದನ್ನೂ ಬಿಸಿಲಿಗೆ ಹಿಡಿದು, ತೂತಿನಿಂದ ಬರುವ ಬೆಳಕನ್ನು ಎಣಿಸಿ, ಆಮೇಲೆ ದಾರದಿಂದ ಮಾಲೆ ಹೊಲಿಯುತ್ತಿದ್ದ. ಅವತ್ತು ಮಾತ್ರ ಹೊಸ ಪರದೆಯ ಮೇಲೆ ಹೂವು ಎಷ್ಟು ಚೆಂದ ಕಂಡಿತ್ತೆಂದರೆ, ರಟ್ಟನ್ನು ಬಿಸಿಲಿಗೆ ಹಿಡಿಯುವುದು ಅಪ್ಪನಿಗೂ ನೆನಪಾಗಲಿಲ್ಲ, ಮಗಳಿಗೂ ನೆನಪಾಗಲಿಲ್ಲ. ಮಾಲೆ ಹಾಗೇ ಕಾಳವ್ವನ ಮಗ್ಗಕ್ಕೆ ಹೋಯಿತು.

ಮೂರನೇ ದಿನ ಕಾಳವ್ವ ಒಂದು ಮೊಳ ಬಟ್ಟೆ ಹಿಡಿದು ಬಂದಳು. ಬಾಗಿಲಲ್ಲೇ ಕೂಗಿದಳು. “ಯಪ್ಪಾ ಸಂಕಣ್ಣ, ಇದೇನು ಮಲ್ಲಿಗಿನೋ ಇಲಿ ಕಡದ ಕರದಂಟೋ? ಸಾವುಕಾರ್ರು ನೋಡಿದ್ರ ನನ್ನ ಮಗ್ಗಾನ ಬಿಡಸ್ತಾರ!”

ಭುವನಾ ಆ ಮಗ್ಗಕ್ಕೆ ಓಡಿಹೋಗಿ ಅಲ್ಲಿನ ಒಂದು ರಟ್ಟು ಬಿಸಿಲಿಗೆ ಹಿಡಿದಳು. ಎಂಟಕ್ಕೊಂದು ತೂತು ಬಿದ್ದೇ ಇಲ್ಲ. ಆ ಸಣ್ಣ ವೈರ್ ನಡುದಾರಿಯಲ್ಲೇ ನುಂಗಿತ್ತು. ಅವಳು ಮರಳಿ ಬಂದು, ನನ್ನ ಮೇಲಿನ ನೂಲಿನ ಧೂಳು ಕೊಡವಿ, “ಅಪ್ಪಾ, ದಸ್ತಗೀರನ್ನ ಕರಿ” ಅಂದಳು.

ದಸ್ತಗೀರ್ ರಿಪೇರಿಯವನು. ನನ್ನ ಮುಚ್ಚಳ ಬಿಚ್ಚಿ, ಒಳಗೆ ಕೈಹಾಕಿ, ಒಂದು ಹಿಡಿ ನೂಲಿನ ಜುಂಗು ಎಳೆದು ತೆಗೆದ. “ಇದು ಕಂಪ್ಯೂಟರೋ ಹಾಸಿಗಿನೋ ಸಂಕಣ್ಣಾರ? ಡಿಸ್ಕ್ ಬದಲಿ ಮಾಡೂಣು, ಮೆಮೊರಿ ಹೆಚ್ಚಿಗಿ ಹಾಕೂಣು. ಓಡ್ತೈತಿ.”

ಡಿಸ್ಕ್ ಬದಲಿ ಅಂದಾಗ ನಿಜ ಹೇಳುತ್ತೇನೆ, ಹೆದರಿದೆ. ಹದಿನಾರು ವರ್ಷದ ನೆನಪೆಲ್ಲ ಅದರಲ್ಲಿತ್ತು. ಅದನ್ನೇ ತೆಗೆದ ಮೇಲೆ ನಾನು ನಾನಾಗಿ ಉಳಿಯುತ್ತೇನೆಯೇ? ದಸ್ತಗೀರ್ ಹಳೆಯದರಲ್ಲಿದ್ದ ಒಂದೊಂದು ಹೂವನ್ನೂ ಹೊಸದಕ್ಕೆ ಇಳಿಸಿಕೊಂಡ. ಎಚ್ಚರವಾದಾಗ ಸೂಜಿಮಲ್ಲಿಗೆ, ಬಳ್ಳಿ, ಎಲೆ ಎಲ್ಲವೂ ಅಲ್ಲಲ್ಲೇ ಇದ್ದವು. ಹುಟ್ಟುವಾಗಲೇ ಹತ್ತು ಕಡೆಯ ಭಾಗ ಸೇರಿಸಿ ಮಾಡಿದ ಮೈ ಇದು. ಇನ್ನೊಂದು ಭಾಗ ಬದಲಾದರೆ ನನಗೇಕೆ ನಾಚಿಕೆ? ಏಳು ನಿಮಿಷದ ಕೆಲಸ ನಲವತ್ತು ಸೆಕೆಂಡಿಗೆ ಬಂತು. ಬೆನ್ನಿನ ಅಗಲ ಬಾಯಿಗೆ ಹಳೇ ವೈರ್ ಕೂತಿತು, ಮಷೀನು ಹೊಡೆಯಿತು, ಸಂಕಣ್ಣ ಬಾಗಿಲಲ್ಲಿ ನಿಂತು ಒಂದೊಂದೇ ರಟ್ಟು ಬಿಸಿಲಿಗೆ ಹಿಡಿದ. ಒಂದು ತೂತೂ ತಪ್ಪಿರಲಿಲ್ಲ. ಒಂದೂ!

ಹೊಸಬ ಬಾಗಲಕೋಟೆಯ ಬಸ್ಸು ಹತ್ತಿದ. ಪಾಪ, ಅವನದೇನೂ ತಪ್ಪಿಲ್ಲ. ಸಾವುಕಾರರು ತಪ್ಪಾಯಿತು ಅಂದರೇ? ಇಲ್ಲ. ದೊಡ್ಡವರು ಅನ್ನುವುದಿಲ್ಲ. ನಾನೂ ಮರೆತಿಲ್ಲ.

ಈಗ ಮತ್ತೆ ಮೇಜಿನ ಮೇಲೆ ನನ್ನ ಜಾಗದಲ್ಲಿದ್ದೇನೆ. ಪೆಟ್ಟಿಗೆಗೆ ತುಕ್ಕು ಹಿಡಿದಿದೆ, ಫ್ಯಾನ್ ಗೊರಗೊರ ಅನ್ನುತ್ತದೆ. ಇರಲಿ. ಹೆಸರಿಲ್ಲದವನಾದರೂ ಈ ಊರಿನ ಹೂವುಗಳಿಗೆ ನನ್ನ ಹೊರತು ಬೇರೆ ದಾರಿಯಿಲ್ಲ.

ಅವತ್ತು ಹೊರಡುವಾಗ ದಸ್ತಗೀರ್ ಚೀಲ ಹೆಗಲಿಗೆ ಹಾಕಿಕೊಂಡು ಒಂದು ಮಾತು ಕೇಳಿದ್ದ. “ಸಂಕಣ್ಣಾರ, ಡಿಸ್ಕ್ ಹೊಸಾದು ಖರೆ. ಬೋರ್ಡ್ ಹಳೇದ. ಇಂಥಾ ಬೋರ್ಡ್ ಈಗ ಎಲ್ಲೂ ಸಿಗೂದಿಲ್ಲ. ನಾಳೆ ಇದು ಹೋತು ಅಂದ್ರ ಏನ ಮಾಡ್ತೀರಿ?”

ಸಂಕಣ್ಣ ನನ್ನ ಬಿಸಿ ಬೆನ್ನಿನ ಮೇಲೆ ಒಂದು ಗಳಿಗೆ ಅಂಗೈ ಇಟ್ಟ. ಆಮೇಲೆ ರಟ್ಟಿನ ಮಾಲೆಯನ್ನು ಹೊತ್ತುಕೊಂಡು ಕಾಳವ್ವನ ಮಗ್ಗದ ಕಡೆ ನಡೆದುಬಿಟ್ಟ.